ಬೆನ್ನಟ್ಟುವ ಗುಣ, ಕಾಯುವ ಹೊಣೆ

ಮನೆಯವರ ಕೈಯಿಂದ ತುತ್ತು ತಿನ್ನುವ, ಮಕ್ಕಳ ಪಕ್ಕದಲ್ಲಿ ಮಲಗುವ, ಬಂದ ನೆಂಟರನ್ನೆಲ್ಲ ಬಾಲವಾಡಿಸಿ ಬರಮಾಡಿಕೊಳ್ಳುವ ಸಾಕುನಾಯಿಯೇ ಅಂಗಳದಲ್ಲಿ ಅಳಿಲೊಂದು ಓಡಿದ ಕ್ಷಣ ಯಾರ ಕರೆಗೂ ಕಿವಿಗೊಡದ ಪ್ರಾಣಿಯಾಗುವುದನ್ನು ನಾಯಿ ಸಾಕಿದ ಬಹುತೇಕ ಮನೆಗಳು ಬಲ್ಲವು. ಇಲಿ, ಹೆಗ್ಗಣ, ಓತಿಕ್ಯಾತ, ಮೊಲ, ಮುಂಗುಸಿ, ಪಕ್ಕದ ಮನೆಯ ಬೆಕ್ಕು, ಹಿತ್ತಲಿನ ಕೋಳಿಮರಿ, ಹೀಗೆ ಗಾತ್ರದಲ್ಲಿ ಚಿಕ್ಕದಾಗಿದ್ದು ಚುರುಕಾಗಿ ಚಲಿಸುವ ಯಾವ ಜೀವಿಯೂ ಈ ಸೆಳೆತಕ್ಕೆ ಹೊರತಲ್ಲ. ಇದನ್ನು ಕಂಡ ಮನೆಯವರಲ್ಲಿ ಕೆಲವರು ನಾಯಿಗೆ ಕ್ರೌರ್ಯ ಹತ್ತಿತೆಂದು ಹೊಡೆದು ಸರಪಳಿಗೆ ಕಟ್ಟುತ್ತಾರೆ. ಇನ್ನು ಕೆಲವರು ಅದು ನಾಯಿಯ ಜಾಯಮಾನವೆಂದು ಕೈಚೆಲ್ಲಿ ಅದನ್ನು ಬೀದಿಗೂ ಹೊಲಕ್ಕೂ ಬಿಟ್ಟುಬಿಡುತ್ತಾರೆ. ಈ ಗುಣ ನಾಯಿಯ ಮೈಯಲ್ಲಿ ಇಷ್ಟು ಗಟ್ಟಿಯಾಗಿ ನೆಲೆಸಲು ಸಾವಿರಾರು ವರ್ಷ ಅದನ್ನು ಆಯ್ದು ಬೆಳೆಸಿದ ಮನುಷ್ಯನೇ ಬಹುಮಟ್ಟಿಗೆ ಕಾರಣ ಎಂಬುದನ್ನು ಎರಡೂ ಬಗೆಯವರು ಮರೆಯುತ್ತಾರೆ. ಕಾರಣ ಮನುಷ್ಯನಾದ ಮೇಲೆ ಅದರ ಪರಿಣಾಮವನ್ನು ಹೊರುವ ಹೊಣೆಯೂ ಅವನದೇ.

ಹಸಿವಿನಿಂದಲ್ಲ, ಸಿಟ್ಟಿನಿಂದಲೂ ಅಲ್ಲ

ಯಾರೂ ಕಲಿಸದೆ, ತಕ್ಕ ಪ್ರಚೋದನೆ ಕಣ್ಣಿಗೆ ಬಿದ್ದೊಡನೆ ತಾನಾಗಿ ಹೊರಹೊಮ್ಮುವ ನಡವಳಿಕೆಯನ್ನು ಪ್ರಾಣಿವರ್ತನೆಯ ಶಾಸ್ತ್ರದಲ್ಲಿ ಸಹಜ ಪ್ರವೃತ್ತಿ ಎನ್ನುತ್ತಾರೆ. ಈ ಶಾಸ್ತ್ರಕ್ಕೆ ಅಡಿಪಾಯ ಹಾಕಿದ ಕೊನ್ರಾಡ್ ಲೊರೆಂಜ್, ನಿಕೊ ಟಿನ್‌ಬರ್ಗನ್ ಮತ್ತು ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಬೇಟೆಯ ಪ್ರವೃತ್ತಿಯ ವಿಷಯದಲ್ಲಿ ಆ ಪ್ರಚೋದನೆ ಎಂದರೆ ಮುಖ್ಯವಾಗಿ ಚಲನೆ. ಅಲ್ಲಾಡದೆ ಕುಳಿತ ಮೊಲವನ್ನು ಗಮನಿಸದೆ ದಾಟಿಹೋಗುವ ನಾಯಿ, ಅದೇ ಮೊಲ ಎದ್ದು ಓಡಿದರೆ ಮರುಗಳಿಗೆಯಲ್ಲೇ ಅದರ ಬೆನ್ನುಹತ್ತುವುದು ಇದರಿಂದಲೇ.

ಹೊಟ್ಟೆ ತುಂಬ ಊಟ ಹಾಕಿದರೆ ನಾಯಿ ಬೇಟೆಯಾಡುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದಕ್ಕೆ ಆಧಾರ ಸಾಲದು. ರಾಬರ್ಟ್ ಅಡಮೆಕ್ ಅವರು ಬೆಕ್ಕುಗಳ ಮೇಲೆ ನಡೆಸಿ 1976ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಮಗೆ ಇಷ್ಟವಾದ ಆಹಾರ ತಿನ್ನುತ್ತಿದ್ದ ಬೆಕ್ಕುಗಳು ಇಲಿ ಕಂಡೊಡನೆ ತಿನ್ನುವುದನ್ನು ಬಿಟ್ಟೆದ್ದು ಅದನ್ನು ಕೊಂದು, ಅನಂತರ ಮತ್ತೆ ತಟ್ಟೆಗೆ ಮರಳಿದವು. ಹಿಡಿಯುವ ಬಯಕೆಯೂ ತಿನ್ನುವ ಬಯಕೆಯೂ ಮಿದುಳಿನಲ್ಲಿ ಬೇರೆಬೇರೆಯಾಗಿ ಕೆಲಸ ಮಾಡಬಲ್ಲವು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ. ಹಿಡಿಯಲು ಹೊರಟ ಪ್ರತಿ ಸಲವೂ ಬೇಟೆ ದಕ್ಕದ ಕಾಡುಪ್ರಾಣಿ ಪೂರ್ತಿ ಹಸಿವಾಗುವವರೆಗೆ ಕಾದು ಕುಳಿತರೆ ಬದುಕುಳಿಯುವುದು ಕಷ್ಟವಾದ್ದರಿಂದ, ಅವಕಾಶ ಸಿಕ್ಕಾಗಲೆಲ್ಲ ಎರಗುವ ಗುಣವನ್ನೇ ಪ್ರಕೃತಿ ಉಳಿಸಿಕೊಂಡಿತು.

ಇದನ್ನು ಕೋಪವೆಂದು ತಿಳಿಯುವುದೂ ಸರಿಯಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಜಾನ್ ಫ್ಲಿನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಬೆಕ್ಕುಗಳ ಹೈಪೊಥಲಾಮಸ್ ಅನ್ನು, ಅಂದರೆ ಹಸಿವು, ಭಯ, ಮೈಬಿಸಿ ಮೊದಲಾದವನ್ನು ನಿಯಂತ್ರಿಸುವ ಮಿದುಳಿನ ಪುಟ್ಟ ಭಾಗವನ್ನು, ವಿದ್ಯುತ್ತಿನಿಂದ ಪ್ರಚೋದಿಸಿ ನೋಡಿದರು. ಅದರ ಮಧ್ಯಭಾಗವನ್ನು ಪ್ರಚೋದಿಸಿದಾಗ ಬೆಕ್ಕು ರೋಮ ನಿಮಿರಿಸಿ ಬುಸುಗುಟ್ಟಿ ಎರಗಿದರೆ, ಪಕ್ಕದ ಭಾಗವನ್ನು ಪ್ರಚೋದಿಸಿದಾಗ ಸದ್ದಿಲ್ಲದೆ ಹೊಂಚಿ ಹೋಗಿ ಇಲಿಯನ್ನು ಕಚ್ಚಿತು. ಮೊದಲನೆಯದು ಭಯ ಮತ್ತು ಸಿಟ್ಟಿನ ಆಕ್ರಮಣ, ಎರಡನೆಯದು ಬೇಟೆ. ನರವಿಜ್ಞಾನಿ ಯಾಕ್ ಪ್ಯಾಂಕ್ಸೆಪ್ ಈ ಎರಡನೆಯದನ್ನು ಅರಸುವಿಕೆಯ ವ್ಯವಸ್ಥೆಯೊಂದಿಗೆ, ಅಂದರೆ ಡೋಪಮಿನ್ ಎಂಬ ರಾಸಾಯನಿಕದ ನೆರವಿನಿಂದ ಪ್ರಾಣಿಯನ್ನು ಹುಡುಕಾಟಕ್ಕೂ ಕುತೂಹಲಕ್ಕೂ ಹಚ್ಚುವ ಮಿದುಳಿನ ಜಾಲದೊಂದಿಗೆ, ಸೇರಿಸಿ ವಿವರಿಸಿದರು. ಅಳಿಲಿನ ಹಿಂದೆ ಓಡುವ ನಾಯಿಗೆ ಅಳಿಲಿನ ಮೇಲೆ ಹಗೆಯಿಲ್ಲ. ಓಟವೇ ಅದಕ್ಕೆ ಸುಖ, ಬೆನ್ನಟ್ಟುವುದೇ ಬಹುಮಾನ. ಆದಕಾರಣ ಅಳಿಲನ್ನು ಕೊಂದ ನಾಯಿ ಮುಂದೆ ಮಕ್ಕಳನ್ನೂ ಕಚ್ಚುತ್ತದೆ ಎಂಬ ಸಾರಾಸಗಟು ತೀರ್ಮಾನಕ್ಕೆ ಆಧಾರವಿಲ್ಲ. ಆದರೂ ಕೀರಲು ದನಿಯಲ್ಲಿ ಕೂಗುತ್ತ ಓಡುವ ಪುಟ್ಟ ಮಕ್ಕಳ ಚಲನೆಯೂ ಕೆಲವು ನಾಯಿಗಳನ್ನು ಕೆರಳಿಸಬಲ್ಲುದಾದ್ದರಿಂದ, ಪ್ರವೃತ್ತಿ ತೀವ್ರವಾಗಿರುವ ನಾಯಿಯೊಂದಿಗೆ ಚಿಕ್ಕ ಮಕ್ಕಳನ್ನು ಒಂಟಿಯಾಗಿ ಬಿಡದಿರುವುದು ವಿವೇಕ.

ತುಂಡುತುಂಡಾಗಿ ಆಯ್ದ ಬೇಟೆ

ಅಮೆರಿಕದ ಜೀವಶಾಸ್ತ್ರಜ್ಞ ದಂಪತಿ ರೇಮಂಡ್ ಮತ್ತು ಲೋರ್ನಾ ಕೊಪಿಂಜರ್ 2001ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬೇಟೆಯನ್ನು ಒಂದರ ಹಿಂದೊಂದು ಬರುವ ಹಂತಗಳ ಸರಣಿಯಾಗಿ ವಿವರಿಸಿದ್ದಾರೆ: ಬೇಟೆಯ ಕಡೆ ಗಮನ ತಿರುಗುವುದು, ನೆಟ್ಟ ನೋಟದಿಂದ ನೋಡುವುದು, ಹೊಂಚುವುದು, ಬೆನ್ನಟ್ಟುವುದು, ಕಚ್ಚಿ ಹಿಡಿಯುವುದು, ಕಚ್ಚಿ ಕೊಲ್ಲುವುದು, ಸೀಳುವುದು, ತಿನ್ನುವುದು. ನಾಯಿಯ ಪೂರ್ವಜವಾದ ತೋಳದಲ್ಲಿ ಈ ಸರಣಿ ಇಡಿಯಾಗಿದೆ. ನಾಯಿ ಮನುಷ್ಯನ ಜೊತೆಗೂಡಿ ಕನಿಷ್ಠ 15,000 ವರ್ಷಗಳಾದವೆಂಬುದು ವಿಜ್ಞಾನಿಗಳ ಅಂದಾಜು. ಈ ಸುದೀರ್ಘ ಒಡನಾಟದಲ್ಲಿ ಮನುಷ್ಯ ತನ್ನ ಕಸುಬಿಗೆ ಬೇಕಾದ ಹಂತಗಳನ್ನು ಹಿಗ್ಗಿಸಿ, ಬೇಡವಾದವನ್ನು ಕುಗ್ಗಿಸಿ, ಒಂದೊಂದು ತಳಿಯನ್ನು ಒಂದೊಂದು ಹಂತದಲ್ಲಿ ಪಳಗಿದ ಕೆಲಸಗಾರನನ್ನಾಗಿ ರೂಪಿಸಿದ.

ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡಿನ ಗಡಿಸೀಮೆಯ ಬಾರ್ಡರ್ ಕೋಲಿ ತಳಿಯಲ್ಲಿ ನೆಟ್ಟ ನೋಟ, ಹೊಂಚು ಮತ್ತು ಬೆನ್ನಟ್ಟುವಿಕೆ ಬಲವಾಗಿದ್ದು, ಕಚ್ಚುವ ಹಂತ ಕುಗ್ಗಿರುವುದರಿಂದಲೇ ಅದು ಕುರಿಗಳನ್ನು ಗಾಯಗೊಳಿಸದೆ ಗುಂಪುಗೂಡಿಸುತ್ತದೆ. ಲ್ಯಾಬ್ರಡಾರ್ ಬೇಟೆಗಾರ ಹೊಡೆದುರುಳಿಸಿದ ಹಕ್ಕಿಯನ್ನು ಹಲ್ಲೂರದೆ ಎತ್ತಿ ತರಬೇಕಿದ್ದರಿಂದ ಅದಕ್ಕೆ ಹಿಡಿಯುವ ಹಂತ ಮುಖ್ಯವಾಯಿತು. ಬಿಲದ ಪ್ರಾಣಿಗಳನ್ನೂ ಇಲಿ ಹೆಗ್ಗಣಗಳನ್ನೂ ಮುಗಿಸಲೆಂದು ಬೆಳೆಸಿದ ಟೆರಿಯರ್ ತಳಿಗಳಲ್ಲಿ ಹಿಡಿದು ಕೊಡವಿ ಕೊಲ್ಲುವ ಹಂತವೇ ಪ್ರಬಲ. ಮೊಲದ ವಾಸನೆ ಹಿಡಿದು ಹೋಗಲೆಂದು ಬೆಳೆಸಿದ ಬೀಗಲ್ ಮೂಗು ನೆಲಕ್ಕಿಟ್ಟರೆ ಉಳಿದ ಲೋಕವನ್ನೇ ಮರೆಯುತ್ತದೆ. ಇವಕ್ಕೆ ವಿರುದ್ಧವಾಗಿ, ಮಂದೆಯ ನಡುವೆಯೇ ಬೆಳೆದು ಮಂದೆಯನ್ನು ಕಾಯುವ ನಾಯಿಗಳಲ್ಲಿ ಬೇಟೆಯ ಸರಣಿ ಬಹುಮಟ್ಟಿಗೆ ಮಂಕಾಗಿರುವುದರಿಂದ ಕುರಿಮರಿ ಕಾಲ ಸಂದಿಯಲ್ಲಿ ನುಸುಳಿದರೂ ಅವು ಕೆರಳುವುದಿಲ್ಲ.

ದೇಹರಚನೆಯೂ ಇದಕ್ಕೆ ಹೊಂದಿಕೊಂಡಿದೆ. ನಾಯಿಯ ಕಣ್ಣು ನೀಲಿ ಮತ್ತು ಹಳದಿ ಬಣ್ಣಗಳನ್ನು ಮಾತ್ರ ಚೆನ್ನಾಗಿ ಬೇರ್ಪಡಿಸಿ ನೋಡುತ್ತದೆಯಾದರೂ, ಮಂದ ಬೆಳಕಿನಲ್ಲಿ ಚಲನೆಯನ್ನು ಗುರುತಿಸುವುದರಲ್ಲಿ ಮನುಷ್ಯನ ಕಣ್ಣಿಗಿಂತ ಚುರುಕು. ಆಸ್ಟ್ರೇಲಿಯಾದ ಪಶುವೈದ್ಯ ಪಾಲ್ ಮೆಕ್‌ಗ್ರೀವಿ ಮತ್ತು ಸಂಗಡಿಗರು 2004ರಲ್ಲಿ ತೋರಿಸಿಕೊಟ್ಟಂತೆ, ಉದ್ದ ಮೂತಿಯ ನಾಯಿಗಳ ಅಕ್ಷಿಪಟದಲ್ಲಿ ದೃಷ್ಟಿಯ ನರಕೋಶಗಳು ಅಡ್ಡಪಟ್ಟಿಯಾಗಿ ದಟ್ಟೈಸಿದ್ದರೆ, ಗಿಡ್ಡ ಮೂತಿಯವುಗಳಲ್ಲಿ ಅವು ನಡುಭಾಗದಲ್ಲಿ ಹೆಚ್ಚು ಸಾಂದ್ರವಾಗಿರುತ್ತವೆ. ಅಡ್ಡಪಟ್ಟಿಯ ಕಣ್ಣಿಗೆ ಬಯಲಿನ ಅಂಚಿನಿಂದ ಅಂಚಿಗೆ ಆಗುವ ಚಲನೆಯನ್ನು ಹಿಡಿಯುವುದು ಸುಲಭ.

ಮುಧೋಳದ ಓಟಗಾರ

ಕರ್ನಾಟಕದಲ್ಲಿ ಈ ಮಾತಿಗೆ ಮುಧೋಳ ನಾಯಿಗಿಂತ ಒಳ್ಳೆಯ ಉದಾಹರಣೆ ಸಿಗದು. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಈ ತಳಿ ದೃಷ್ಟಿಬೇಟೆಯ ನಾಯಿಗಳ ಗುಂಪಿಗೆ ಸೇರಿದ್ದು. ಅಂದರೆ ವಾಸನೆಗಿಂತ ಕಣ್ಣನ್ನೇ ನೆಚ್ಚಿ, ದೂರದ ಬೇಟೆಯನ್ನು ಗುರುತಿಸಿ, ಓಟದ ಬಲದಿಂದ ಹಿಡಿಯುವ ನಾಯಿ. ನೀಳವಾದ ತಲೆ, ಆಳವಾದ ಎದೆಗೂಡು, ಒಳಸೇದಿದ ಹೊಟ್ಟೆ, ಕೊಬ್ಬಿಲ್ಲದ ಉದ್ದ ಕಾಲುಗಳು, ಓಡುವಾಗ ಬಿಲ್ಲಿನಂತೆ ಬಾಗಿ ಚಾಚುವ ಬೆನ್ನು, ಇವೆಲ್ಲ ಬಯಲುಸೀಮೆಯಲ್ಲಿ ಮೊಲವನ್ನು ಬೆನ್ನಟ್ಟಲೆಂದೇ ತಲೆಮಾರುಗಳ ಆಯ್ಕೆಯಿಂದ ಒದಗಿಬಂದ ಲಕ್ಷಣಗಳು. ಮುಧೋಳ ಸಂಸ್ಥಾನದ ದೊರೆ ಮಾಲೋಜಿರಾವ್ ಘೋರ್ಪಡೆಯವರು ಈ ನಾಯಿಗಳನ್ನು ಆಸಕ್ತಿಯಿಂದ ಬೆಳೆಸಿ, ಬ್ರಿಟನ್ನಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ನೀಡಿದರು. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಈ ತಳಿಯ ಚಿತ್ರವಿರುವ ಅಂಚೆಚೀಟಿ ಹೊರತಂದಿತು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ತಳಿಸಂರಕ್ಷಣೆಯಲ್ಲಿ ತೊಡಗಿದ್ದು, 2016ರಲ್ಲಿ ಭಾರತೀಯ ಸೇನೆಯೂ ತರಬೇತಿಗಾಗಿ ಈ ತಳಿಯ ಮರಿಗಳನ್ನು ಮೀರತ್‌ಗೆ ಕರೆಸಿಕೊಂಡಿತು.

ಹೆಸರು ಹಬ್ಬಿದಂತೆ ಈ ನಾಯಿ ಹಳ್ಳಿಯ ಬಯಲಿನಿಂದ ಬೆಂಗಳೂರು, ಹುಬ್ಬಳ್ಳಿಗಳ ಮನೆಗಳಿಗೂ ಬಂದಿದೆ. ಮೊಲದ ಹಿಂದೆ ಹೊಲಗಳನ್ನು ದಾಟಿ ಓಡಲೆಂದು ರೂಪುಗೊಂಡ ದೇಹ ನಾಲ್ಕು ಗೋಡೆಗಳ ನಡುವೆ ಕುಳಿತಾಗ ಅದರ ಪ್ರವೃತ್ತಿ ಇಂಗಿಹೋಗುವುದಿಲ್ಲ. ಬಾಲ್ಕನಿಯ ಪಾರಿವಾಳದಲ್ಲಿ, ಪಾರ್ಕಿನ ಅಳಿಲಿನಲ್ಲಿ, ರಸ್ತೆಯಾಚೆಯ ಬೆಕ್ಕಿನಲ್ಲಿ ಅದು ತನ್ನ ಬಯಲನ್ನು ಕಂಡುಕೊಳ್ಳುತ್ತದೆ. ಇದು ಮುಧೋಳಕ್ಕೆ ಮಾತ್ರ ಸೀಮಿತವಲ್ಲ. ನೋಟಕ್ಕೆ ಮುದ್ದಾಗಿದೆಯೆಂದು ತಂದ ಬೀಗಲ್, ಹಸ್ಕಿ, ಡ್ಯಾಶ್‌ಹಂಡ್‌ಗಳಿಗೂ, ಹಟ್ಟಿಯ ನಾಡನಾಯಿಗೂ ಅವುಗಳದೇ ಚರಿತ್ರೆಯಿದೆ. ನಾಯಿ ತರುವ ಮುನ್ನ ಬಣ್ಣವನ್ನೂ ಬೆಲೆಯನ್ನೂ ವಿಚಾರಿಸುವವರು ಆ ತಳಿ ಯಾವ ಕಸುಬಿಗೆಂದು ಬೆಳೆದುಬಂತೆಂಬುದನ್ನೂ ವಿಚಾರಿಸಿದರೆ, ಮುಂದೆ ಆಗುವ ಎಷ್ಟೋ ಸಂಕಟಗಳನ್ನು ತಪ್ಪಿಸಬಹುದು. ಮೊಲ, ಗಿಳಿ, ಕೋಳಿಗಳನ್ನು ಸಾಕಿರುವ ಮನೆಗೆ ದೃಷ್ಟಿಬೇಟೆಯ ನಾಯಿಯನ್ನಾಗಲಿ ಟೆರಿಯರ್ ಅನ್ನಾಗಲಿ ತರುವುದು ಆ ಪ್ರಾಣಿಗಳೆಲ್ಲವಕ್ಕೂ ಕಷ್ಟವನ್ನು ತಂದುಕೊಟ್ಟಂತೆ.

ಓಡುವ ಜೀವದ ಕಡೆಯಿಂದ

ಬೆನ್ನಟ್ಟಿದ ನಾಯಿ ಏನನ್ನೂ ಹಿಡಿಯದೆ ಮರಳಿದರೆ ಯಾರಿಗೂ ಹಾನಿಯಾಗಲಿಲ್ಲವೆಂದು ಮನೆಯವರು ಸಮಾಧಾನಪಡುವುದುಂಟು. ಆದರೆ ಚಿಗರೆ, ಜಿಂಕೆಯಂಥ ಪ್ರಾಣಿಗಳು ಪ್ರಾಣಭಯದಿಂದ ಮಿತಿಮೀರಿ ಓಡಿದಾಗ ಸ್ನಾಯುಗಳು ಒಳಗೇ ಶಿಥಿಲವಾಗಿ, ತಪ್ಪಿಸಿಕೊಂಡ ಮೇಲೂ ಗಂಟೆಗಳ ಅಥವಾ ದಿನಗಳ ಅಂತರದಲ್ಲಿ ಸಾಯಬಹುದೆಂದು ವನ್ಯಜೀವಿ ವೈದ್ಯರು ಬಲ್ಲರು. ನೆಲದ ಮೇಲೆಯೇ ಮೊಟ್ಟೆಯಿಡುವ ಟಿಟ್ಟಿಭದಂಥ ಹಕ್ಕಿಗಳು ಕೆರೆಯಂಗಳದಲ್ಲಿ ನಾಯಿ ಸುಳಿದಾಡಿದರೆ ಗೂಡು ಬಿಟ್ಟು ಏಳಬೇಕಾಗುತ್ತದೆ, ಆಗ ಮೊಟ್ಟೆಗಳು ಬಿಸಿಲಿಗೂ ಕಾಗೆಗಳಿಗೂ ತೆರೆದುಕೊಳ್ಳುತ್ತವೆ. ನಾಯಿಯ ಹಲ್ಲು ಸೋಕಿದ ಅಳಿಲಿನ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಒಳಗೆ ಸೋಂಕು ಹಬ್ಬುವುದರಿಂದ, ಅದನ್ನು ಮರದಡಿ ಬಿಟ್ಟು ಬರುವ ಬದಲು ಪಶುವೈದ್ಯರಿಗೋ ವನ್ಯಜೀವಿ ಶುಶ್ರೂಷಾ ಕೇಂದ್ರಕ್ಕೋ ಒಪ್ಪಿಸಬೇಕು.

ಒಂದು ನಾಯಿಯ ಒಂದು ಓಟ ಚಿಕ್ಕದೆನಿಸಿದರೂ ಎಲ್ಲವನ್ನೂ ಕೂಡಿಸಿ ನೋಡಿದಾಗ ಚಿತ್ರ ಗಂಭೀರವಾಗುತ್ತದೆ. ನಾಯಿಗಳಿಂದ ವನ್ಯಜೀವಿಗಳ ಮೇಲಾಗುವ ಪರಿಣಾಮವನ್ನು ಜಗತ್ತಿನ ಮಟ್ಟದಲ್ಲಿ ಪರಿಶೀಲಿಸಿದ 2017ರ ಒಂದು ಅಧ್ಯಯನ, 11 ಕಶೇರುಕ ಪ್ರಭೇದಗಳ, ಅಂದರೆ ಬೆನ್ನುಮೂಳೆಯುಳ್ಳ ಜೀವಿಗಳ, ಅಳಿವಿನಲ್ಲಿ ನಾಯಿಗಳ ಪಾಲಿದೆಯೆಂದೂ, ಅಪಾಯದ ಅಂಚಿನಲ್ಲಿರುವ ಸುಮಾರು 188 ಪ್ರಭೇದಗಳಿಗೆ ಅವುಗಳಿಂದ ಕಂಟಕವಿದೆಯೆಂದೂ ಗುರುತಿಸಿತು. ಮನೆಯ ನಾಯಿಗಳೂ ಬೀದಿಯ ನಾಯಿಗಳೂ ಕಾಡಂಚಿನಲ್ಲಿ ಅಲೆಯುವ ನಾಯಿಗಳೂ ಸೇರಿ ಆಗಿರುವ ಹಾನಿ ಇದು. ಮುಧೋಳ ಸೀಮೆಯಲ್ಲೇ ಇದರ ಅರ್ಥ ಕಣ್ಣಿಗೆ ಕಟ್ಟುವಂತಿದೆ: ಬೆನ್ನಟ್ಟುವುದಕ್ಕೆ ಹೆಸರಾದ ನಾಯಿಯ ತವರಿನ ಮಗ್ಗುಲಲ್ಲೇ, ಬೀಳಗಿ ಮತ್ತು ಮುಧೋಳ ತಾಲ್ಲೂಕುಗಳಲ್ಲಿ, ಚಿಂಕಾರಾ ಎಂಬ ನಾಜೂಕು ಕಾಲಿನ ಹುಲ್ಲೆಗಾಗಿ ಮೀಸಲಾದ ಯಡಹಳ್ಳಿ ವನ್ಯಜೀವಿ ಧಾಮವಿದೆ. ಎರಡೂ ಈ ನಾಡಿನ ಹೆಮ್ಮೆಗಳೇ. ನಾಯಿಯ ಹಗ್ಗ ಒಡೆಯನ ಕೈಯಲ್ಲಿರುವವರೆಗೆ ಮಾತ್ರ ಎರಡೂ ಒಂದೇ ನೆಲದಲ್ಲಿ ಬಾಳಬಲ್ಲವು.

ಕಾನೂನು ಕೂಡ ಇದೇ ಮಾತನ್ನು ಹೇಳುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಲ್ಲುವುದನ್ನಷ್ಟೇ ಅಲ್ಲದೆ ಬೆನ್ನಟ್ಟಿಸುವುದು, ಅಟ್ಟುವುದು ಮತ್ತು ಅಂಥ ಪ್ರಯತ್ನಗಳನ್ನೂ ಬೇಟೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಹಿಂದೊಮ್ಮೆ ಊರಿನ ಮೋಜಾಗಿದ್ದ ಮೊಲದ ಬೇಟೆಗೆ ನಾಯಿಗಳನ್ನು ಬಿಡುವುದು ಇಂದು ಅಪರಾಧ. ಇನ್ನೊಂದೆಡೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ನಾಯಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟಿಡುವುದನ್ನೂ, ಸದಾ ಕಟ್ಟಿರುವ ನಾಯಿಗೆ ತಕ್ಕ ವ್ಯಾಯಾಮ ಕೊಡದಿರುವುದನ್ನೂ ಕ್ರೌರ್ಯವೆಂದು ಎಣಿಸುತ್ತದೆ. ಬಿಟ್ಟುಬಿಡುವಂತಿಲ್ಲ, ಕಟ್ಟಿಹಾಕಿ ಮರೆಯುವಂತೆಯೂ ಇಲ್ಲ; ನಾಯಿ ಸಾಕುವವರ ಕರ್ತವ್ಯ ಈ ಎರಡು ಕಾಯ್ದೆಗಳ ನಡುವಿನ ಜಾಗದಲ್ಲಿದೆ.

ನಾಯಿಯ ಸುರಕ್ಷತೆಯೂ ಇಲ್ಲಿ ಅಡಗಿದೆ. ಓಟದ ಗುಂಗಿನಲ್ಲಿರುವ ನಾಯಿಗೆ ರಸ್ತೆಯ ವಾಹನ ಕಾಣುವುದಿಲ್ಲ. ಪೊದೆಗೆ ಮೂಗು ತೂರಿಸಿದ ನಾಯಿ ನಾಗರಹಾವು, ಕೊಳಕುಮಂಡಲಗಳ ಕಡಿತಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ನೆಲಗಪ್ಪೆಯನ್ನು ಕಚ್ಚಿದರೆ ಅದರ ಚರ್ಮದ ಗ್ರಂಥಿಗಳ ವಿಷದಿಂದ ಬಾಯಲ್ಲಿ ನೊರೆ ಸುರಿಯುತ್ತದೆ. ಪಾಷಾಣ ತಿಂದ ಇಲಿಯನ್ನು ತಿಂದರೆ ಆ ವಿಷ ನಾಯಿಯ ಹೊಟ್ಟೆಗೂ ಸೇರುತ್ತದೆ. ಇಲಿಗಳ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ನಾಯಿಗೂ ಮನೆಯವರಿಗೂ ತಗಲಬಲ್ಲ ರೋಗ. ಆದ್ದರಿಂದ ಬೇಟೆಯ ಪ್ರವೃತ್ತಿಯುಳ್ಳ ನಾಯಿಗೆ ರೇಬೀಸ್ ಮತ್ತು ಇಲಿಜ್ವರದ ಲಸಿಕೆಗಳನ್ನು ಕಾಲಕಾಲಕ್ಕೆ ಹಾಕಿಸಬೇಕು. ಮುಂಗುಸಿಯಂಥ ಪ್ರಾಣಿಯೊಂದಿಗೆ ಕಚ್ಚಾಟವಾದರೆ ಲಸಿಕೆ ಆಗಿದ್ದರೂ ಪಶುವೈದ್ಯರಿಗೆ ತೋರಿಸಬೇಕು.

ಅಳಿಸಲಾಗದ್ದನ್ನು ತಿರುಗಿಸುವುದು

ಈ ಪ್ರವೃತ್ತಿಯನ್ನು ತರಬೇತಿಯಿಂದ ಅಳಿಸಿಹಾಕಲು ಆಗುವುದಿಲ್ಲ, ಸಂತಾನಹರಣ ಶಸ್ತ್ರಚಿಕಿತ್ಸೆಯಿಂದಲೂ ಅದು ಹೋಗುವುದಿಲ್ಲ ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಆದರೆ ಅದನ್ನು ತಡೆಹಿಡಿಯಬಹುದು, ಬೇರೆಡೆಗೆ ತಿರುಗಿಸಬಹುದು. ಮೊದಲ ಕೆಲಸ ಬೆನ್ನಟ್ಟುವ ಅವಕಾಶವನ್ನೇ ಕಡಿಮೆ ಮಾಡುವುದು. ಆಗೊಮ್ಮೆ ಈಗೊಮ್ಮೆ ಮಾತ್ರ ದೊರೆಯುವ ಬಹುಮಾನ ಅಭ್ಯಾಸವನ್ನು ಪ್ರತಿ ಸಲವೂ ದೊರೆಯುವುದಕ್ಕಿಂತ ಗಟ್ಟಿಯಾಗಿ ಬೇರೂರಿಸುತ್ತದೆ ಎಂಬುದು ಬಿ. ಎಫ್. ಸ್ಕಿನ್ನರ್ ಅವರ ಸಂಶೋಧನೆಗಳಿಂದ ಸ್ಥಿರಪಟ್ಟ ತತ್ತ್ವ. ನೂರು ಓಟಗಳಲ್ಲಿ ಒಂದೇ ಒಂದು ಅಳಿಲು ಸಿಕ್ಕರೂ ನಾಯಿ ಮುಂದಿನ ನೂರು ಓಟಗಳಿಗೆ ಸಿದ್ಧವಾಗಿರುತ್ತದೆ. ಹೀಗಾಗಿ ಬೇಲಿಯ ಕಂಡಿಗಳನ್ನು ಮುಚ್ಚುವುದು, ಮೊಲಗಳು ಹೊರಬೀಳುವ ಮುಂಜಾವು ಮತ್ತು ಮುಸ್ಸಂಜೆಯಲ್ಲಿ ಹೊಲದ ಕಡೆ ಹೋದಾಗ ನಾಯಿಯನ್ನು ಬಿಚ್ಚದಿರುವುದು, ಬಯಲಿನಲ್ಲಿ ಐದರಿಂದ ಹತ್ತು ಮೀಟರ್ ಉದ್ದದ ಹಗ್ಗ ಬಳಸುವುದು ಅಗತ್ಯ. ಉದ್ದ ಹಗ್ಗವನ್ನು ಕೊರಳಪಟ್ಟಿಗೆ ಕಟ್ಟಿದರೆ ಓಟದ ಕೊನೆಯ ಜಗ್ಗಿಗೆ ಕುತ್ತಿಗೆಗೆ ಪೆಟ್ಟಾಗುವುದರಿಂದ ಎದೆಗೂ ಬೆನ್ನಿಗೂ ತೊಡಿಸುವ ಹಾರ್ನೆಸ್‌ಗೇ ಅದನ್ನು ಕಟ್ಟಬೇಕು.

ಎರಡನೆಯದು ಕಲಿಕೆ. ಸರಣಿಯ ಮೊದಲ ಹಂತಗಳಲ್ಲಿ, ಅಂದರೆ ನಾಯಿ ಕಿವಿ ನಿಮಿರಿಸಿ ನೋಡುತ್ತಿರುವಾಗಲೇ, ಅದರ ಮನಸ್ಸನ್ನು ಹಿಂದಕ್ಕೆ ತರುವುದು ಸಾಧ್ಯ. ಓಟ ಶುರುವಾದ ಮೇಲೆ ಕರೆ ಕೇಳಿಸುವುದೇ ವಿರಳ. ಆದ್ದರಿಂದ ಅಳಿಲು ಕಂಡೂ ನಾಯಿ ಸಮಾಧಾನದಿಂದಿರುವಷ್ಟು ದೂರದಲ್ಲಿ ನಿಂತು, ಅದು ಅಳಿಲನ್ನು ನೋಡಿ ಒಡೆಯನ ಕಡೆ ತಿರುಗಿದ ಪ್ರತಿ ಸಲವೂ ಮೆಚ್ಚಿನ ತಿನಿಸು ಕೊಟ್ಟು, ದಿನಗಳೆದಂತೆ ಆ ದೂರವನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡಬೇಕು. ಪ್ರಾಣಿಗೆ ತುಂಬ ಪ್ರಿಯವಾದ ಚಟುವಟಿಕೆಯನ್ನೇ ಅಷ್ಟೇನೂ ಪ್ರಿಯವಲ್ಲದ ಚಟುವಟಿಕೆಗೆ ಬಹುಮಾನವಾಗಿ ಕೊಡಬಹುದೆಂದು ಮನಶ್ಶಾಸ್ತ್ರಜ್ಞ ಡೇವಿಡ್ ಪ್ರೆಮ್ಯಾಕ್ ಪ್ರತಿಪಾದಿಸಿದ್ದರು. ಇಲ್ಲಿ ಅದರ ಪ್ರಯೋಗ ಸರಳ: ಕರೆದೊಡನೆ ತಿರುಗಿ ಬಂದ ನಾಯಿಗೆ ಬಿಸ್ಕತ್ತಿನ ಬದಲು ಚೆಂಡನ್ನೋ ಹಗ್ಗದ ತುದಿಯ ಬಟ್ಟೆಯ ಗೊಂಬೆಯನ್ನೋ ಓಡಿಸಿ ಬೆನ್ನಟ್ಟಲು ಬಿಟ್ಟರೆ, ತಿರುಗಿ ಬರುವುದೇ ಓಟಕ್ಕೆ ದಾರಿ ಎಂಬ ಅರಿವು ಅದರಲ್ಲಿ ಬೆಳೆಯುತ್ತದೆ.

ಮೂರನೆಯದು ಪ್ರವೃತ್ತಿಗೆ ನ್ಯಾಯವಾದ ಹೊರದಾರಿ. ಉದ್ದ ಕೋಲಿನ ತುದಿಗೆ ಹಗ್ಗ, ಹಗ್ಗದ ತುದಿಗೆ ಬಟ್ಟೆ ಕಟ್ಟಿ ನೆಲದ ಮೇಲೆ ಹರಿದಾಡಿಸುವ ಆಟ ದೃಷ್ಟಿಬೇಟೆಯ ನಾಯಿಗೆ ಸೊಗಸಾದ ವ್ಯಾಯಾಮ. ಕೊನೆಗೆ ಅದು ಬಟ್ಟೆಯನ್ನು ಹಿಡಿದು ಕೊಡವಲು ಬಿಡುವುದರಿಂದ ಸರಣಿ ತೃಪ್ತಿಯಲ್ಲಿ ಮುಗಿಯುತ್ತದೆ. ಮೂಳೆ ಬಲಿಯದ ಮರಿಗಳಿಗೆ ಮಾತ್ರ ಈ ಆಟವನ್ನು ಹಗುರವಾಗಿ ಆಡಿಸಬೇಕು. ವಾಸನೆಯ ನಾಯಿಗೆ ಹುಲ್ಲಿನಲ್ಲಿ ತಿನಿಸಿನ ಚೂರುಗಳನ್ನು ಚೆಲ್ಲಿ ಹುಡುಕಿಸುವುದೂ, ಟೆರಿಯರ್‌ಗೆ ಅಗೆಯಲು ಮರಳಿನ ಮೂಲೆಯೊಂದನ್ನು ಬಿಟ್ಟುಕೊಡುವುದೂ ಇದೇ ಬಗೆಯ ಉಪಾಯಗಳು.

ಹೊಡೆತದಿಂದಲೂ ವಿದ್ಯುತ್ ಆಘಾತದ ಕೊರಳಪಟ್ಟಿಯಿಂದಲೂ ಈ ಕೆಲಸ ಬೇಗ ಆಗುತ್ತದೆಂಬ ಮಾತನ್ನು ನಂಬಬಾರದು. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಹೋಲಿಕೆಯ ಅಧ್ಯಯನದಲ್ಲಿ ಬಹುಮಾನದ ತರಬೇತಿಗಿಂತ ಅಂಥ ಪಟ್ಟಿಯಿಂದ ಹೆಚ್ಚಿನ ಲಾಭವೇನೂ ಕಂಡುಬರಲಿಲ್ಲ, ನಾಯಿಗಳಲ್ಲಿ ಕಳವಳದ ಲಕ್ಷಣಗಳು ಮಾತ್ರ ಕಂಡುಬಂದವು. ವೇಲ್ಸ್ ಅದಕ್ಕೂ ಮೊದಲೇ, 2010ರಲ್ಲಿ, ಅವುಗಳ ಬಳಕೆಯನ್ನು ನಿಷೇಧಿಸಿತ್ತು. ಆಘಾತದ ಕ್ಷಣದಲ್ಲಿ ಎದುರಿಗೆ ಮಗುವೊಂದಿದ್ದರೆ ನಾಯಿ ಆ ನೋವನ್ನು ಮಗುವಿಗೇ ತಳಕು ಹಾಕಿ, ಮೊದಲಿಲ್ಲದ ಭಯವನ್ನೂ ಸಿಟ್ಟನ್ನೂ ಬೆಳೆಸಿಕೊಳ್ಳಬಹುದು.

ಒಂದೇ ಸೂರಿನಡಿ

ಬೆಕ್ಕು ಕೋಳಿಗಳೊಂದಿಗೆ ನಾಯಿ ಬಾಳಬೇಕಾದ ಮನೆಗಳಲ್ಲಿ ಮರಿ ವಯಸ್ಸಿನ ಒಡನಾಟವೇ ದೊಡ್ಡ ಆಸರೆ. ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ತಮ್ಮ 1965ರ ಗ್ರಂಥದಲ್ಲಿ ನಾಯಿಮರಿಗೆ ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದವರೆಗಿನ ಅವಧಿಯನ್ನು ಬೆರೆಯುವಿಕೆಯ ಕಾಲವೆಂದು ಗುರುತಿಸಿದರು. ತನ್ನವರು ಯಾರೆಂಬುದು ಮರಿಯ ಮನಸ್ಸಿನಲ್ಲಿ ನೆಲೆಯಾಗುವ ಕಾಲ ಇದು. ಅದಕ್ಕೂ ಮುನ್ನ 1930ರಲ್ಲಿ ಚೀನಾದ ಮನಶ್ಶಾಸ್ತ್ರಜ್ಞ ಝಿಂಗ್ ಯಾಂಗ್ ಕುವೊ, ಇಲಿಗಳ ಜೊತೆಯಲ್ಲೇ ಬೆಳೆಸಿದ ಬೆಕ್ಕಿನ ಮರಿಗಳಲ್ಲಿ ಬಹುಪಾಲು ಇಲಿಗಳನ್ನು ಕೊಲ್ಲಲಿಲ್ಲವೆಂದು ತೋರಿಸಿದ್ದರು. ಬೆಕ್ಕಿನ ಜೊತೆ ಬೆಳೆದ ನಾಯಿ ಅದನ್ನು ಮನೆಯ ಸದಸ್ಯನೆಂದೇ ಬಗೆಯುತ್ತದೆ. ಆದರೆ ಆ ಮನ್ನಣೆ ಬೀದಿಯ ಬೆಕ್ಕಿಗೆ ಸಲ್ಲದು, ಕೆಲವೊಮ್ಮೆ ಅಂಗಳಕ್ಕಿಳಿದು ಓಡುವ ಮನೆಯ ಬೆಕ್ಕಿಗೂ ಸಲ್ಲದು.

ವಯಸ್ಕ ನಾಯಿ ಮನೆಗೆ ಬಂದಾಗ ಮೊದಲ ಕೆಲವು ವಾರ ನಾಯಿಯನ್ನೂ ಬೆಕ್ಕನ್ನೂ ಬೇರೆ ಕೋಣೆಗಳಲ್ಲಿರಿಸಿ, ವಾಸನೆಯ ಪರಿಚಯದಿಂದ ತೊಡಗಿ, ಅನಂತರ ಹಗ್ಗದಲ್ಲಿ ಹಿಡಿದು, ಬೆಕ್ಕು ಏರಿ ಕೂರಲು ಎತ್ತರದ ಜಾಗವಿರುವಂತೆ ನೋಡಿಕೊಂಡು ಮುಖಾಮುಖಿ ಮಾಡಿಸಬೇಕು. ಉಸಿರಾಡಲೂ ನೀರು ಕುಡಿಯಲೂ ಅವಕಾಶವಿರುವ ಬುಟ್ಟಿಯಾಕಾರದ ಬಾಯಿಕುಕ್ಕೆಯನ್ನು ತಿನಿಸಿನ ನೆರವಿನಿಂದ ಅಭ್ಯಾಸ ಮಾಡಿಸಿದರೆ ಈ ಹಂತ ಸುರಕ್ಷಿತವಾಗುತ್ತದೆ. ಮೊಲ, ಗಿಳಿ, ಕೋಳಿಮರಿಗಳ ವಿಷಯದಲ್ಲಿ ಎಷ್ಟೇ ವರ್ಷಗಳ ಸ್ನೇಹವಿದ್ದರೂ ನಿಗಾ ಇಲ್ಲದೆ ಒಟ್ಟಿಗೆ ಬಿಡದಿರುವುದೇ ಕ್ಷೇಮ. ರೆಕ್ಕೆ ಬಡಿದ ಒಂದು ಕ್ಷಣ ಸಾಕು, ಹಳೆಯ ಸರಣಿ ತಾನಾಗಿ ಎಚ್ಚರಗೊಳ್ಳಲು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವು ನಾಯಿಗಳನ್ನು ಬೇಲಿಯಿಲ್ಲದ ಬಯಲಿನಲ್ಲಿ ಎಂದೂ ಬಿಚ್ಚಿಬಿಡುವಂತಿರುವುದಿಲ್ಲ, ಮತ್ತು ಅದನ್ನು ತರಬೇತಿಯ ಸೋಲೆಂದು ಎಣಿಸಬೇಕಿಲ್ಲ. ಬೆನ್ನಟ್ಟುವ ಕಾಲು, ಬಯಲನ್ನು ಅಳೆಯುವ ಕಣ್ಣು, ದಣಿವನ್ನು ಮರೆಸುವ ಉಮೇದು ಇವನ್ನು ಮನುಷ್ಯ ತನ್ನ ಅಗತ್ಯಕ್ಕಾಗಿ ನಾಯಿಯಿಂದ ಪಡೆದುಕೊಂಡ, ಮತ್ತು ಅಗತ್ಯ ತೀರಿದ ಮೇಲೂ ಅವು ನಾಯಿಯಲ್ಲಿ ಉಳಿದಿವೆ. ಆ ಋಣವನ್ನು ತೀರಿಸುವ ಬಗೆಯೆಂದರೆ ದಿನವೂ ಅದರೊಂದಿಗೆ ಓಡಾಡಿ ಆಡುವುದು, ಹಗ್ಗವನ್ನು ಶಿಕ್ಷೆಯೆನ್ನದೆ ರಕ್ಷಣೆಯೆಂದು ಹಿಡಿಯುವುದು, ಅಳಿಲಿಗೂ ಮೊಲಕ್ಕೂ ಅವುಗಳ ಬದುಕನ್ನು ಬಿಟ್ಟುಕೊಡುವುದು. ನಾಯಿಯನ್ನು ಪ್ರೀತಿಸುವವರಿಗೆ ಅದು ಬೆನ್ನಟ್ಟುವ ಜೀವವನ್ನೂ ಕಾಯುವ ಹೊಣೆಯಿದೆ. ಈ ಎರಡನ್ನೂ ಒಟ್ಟಿಗೆ ಹೊರಲು ಸಿದ್ಧರಾದವರ ಮನೆಯಲ್ಲಿ ಮಾತ್ರ ಬೇಟೆಯ ನಾಯಿ ನಿಜವಾಗಿಯೂ ಸಾಕುನಾಯಿಯಾಗಿ ಬಾಳುತ್ತದೆ.